ಬಜೆಯ ಬಳೆ

ಕಪಾಟಿನ ಮೇಲಿನಿಂದ ಹಳೆಯ ಬಿಸ್ಕೆಟ್ ಡಬ್ಬಿ ಇಳಿಸಿ ಮುಚ್ಚಳ ತೆಗೆದೆ. ಬಜೆಯ ವಾಸನೆ ಮೂಗಿಗೆ ಬಡಿಯಿತು. ವರ್ತಕ ನಗರದ ನಮ್ಮ ಕಟ್ಟಡ ಕೆಡವಿ ಹೊಸದು ಕಟ್ಟುತ್ತಾರಂತೆ, ಅಲ್ಲಿಯ ತನಕ ಘೋಡಬಂದರ್ ರಸ್ತೆಯಲ್ಲಿ ಬಾಡಿಗೆ ಮನೆ. ಅದಕ್ಕಾಗಿ ಸಾಮಾನು ಕಟ್ಟುತ್ತಿದ್ದೆ. ಡಬ್ಬಿಯಲ್ಲಿ ಗುಂಡಿ, ಸೂಜಿ, ದಾರದ ಉಂಡೆಗಳ ಅಡಿಯಲ್ಲಿ ಅದು ಹಾಗೆಯೇ ಇತ್ತು. ಬಜೆ ಬೇರಿನ ತುಂಡುಗಳನ್ನು ಕರಿ ದಾರಕ್ಕೆ ಪೋಣಿಸಿ ಮಾಡಿದ ಪುಟ್ಟ ಬಳೆ, ಎಳೆಮಕ್ಕಳ ಕೈಗೆ ಕಟ್ಟುವಂಥದ್ದು. ನನಗೆ ಮಕ್ಕಳಿಲ್ಲ. ಅದು ಎದುರುಮನೆಯವಳ ಮಗುವಿನದು.

ಅವಳೂ ನಮ್ಮ ಉಡುಪಿ ಕಡೆಯವಳೇ. ಗಂಡ ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ಮ್ಯಾನೇಜರ್. ಮದುವೆಯಾಗಿ ಬಂದು ವರ್ಷ ತುಂಬುವುದರೊಳಗೆ ಬಸುರಿ. ನಾನೋ, ಹದಿನಾಲ್ಕು ವರ್ಷ ಆಸ್ಪತ್ರೆ, ಹರಕೆ, ಉಪವಾಸ ಎಲ್ಲ ಮುಗಿಸಿ ಸುಮ್ಮನೆ ಕೂತವಳು. ಸುಳ್ಳು ಯಾಕೆ ಹೇಳಲಿ, ಹೊಟ್ಟೆ ಧಗಧಗ ಉರಿಯಿತು. ಬಯಕೆ ಎಂದು ಅವಳು ಉಪ್ಪಿನಕಾಯಿ ಕೇಳಿದರೆ ಬಟ್ಟಲು ತುಂಬ ಕೊಡುತ್ತಿದ್ದೆ, ಕೊಟ್ಟು ಬಾಗಿಲು ಹಾಕಿಕೊಂಡು ಅಳುತ್ತಿದ್ದೆ.

ಅವಳಿಗೆ ತಾಯಿ ಇರಲಿಲ್ಲ, ಹಾಗಾಗಿ ಬಾಣಂತನಕ್ಕೆ ಊರಿನಿಂದ ಅತ್ತೆ ಬಂದರು. ಓಮದ ನೀರು, ಎಣ್ಣೆಸ್ನಾನ, ಸಾಂಬ್ರಾಣಿ ಹೊಗೆ... ಇಡೀ ಮಹಡಿ ಬಾಣಂತಿ ಕೋಣೆಯ ವಾಸನೆ ಹೊಡೆಯುತ್ತಿತ್ತು. ನಾನು ಮಗು ನೋಡಿ ಎದ್ದರೆ ಸಾಕು, ಅತ್ತೆ ಉಪ್ಪು ಮೆಣಸು ಹಿಡಿದು ದೃಷ್ಟಿ ತೆಗೆಯಲು ಶುರು. ನಾನು ಹೊಸಿಲು ದಾಟುವವರೆಗಾದರೂ ಕಾಯಬಾರದೇ? ತೊಟ್ಟಿಲಿಗೆ ಹಾಕುವ ದಿನ ಕಟ್ಟಡದ ಹೆಂಗಸರಿಗೆಲ್ಲ ಕರೆ ಹೋಯಿತು, ನನಗೆ ಮಾತ್ರ ಮರುದಿನ ಡಬ್ಬಿಯಲ್ಲಿ ಪಾಯಸ ಬಂತು. ಅಷ್ಟನ್ನೂ ಸಿಂಕಿಗೆ ಸುರಿದೆ.

ಮೂರನೆಯ ವಾರದಲ್ಲಿ ಅವಳು ಬೇರೆಯೇ ಆದಳು. ಬಾಗಿಲ ಸಂದಿಯಲ್ಲಿ ನಿಂತು ಮೆಟ್ಟಿಲನ್ನೇ ನೋಡುತ್ತಿದ್ದಳು, ತನ್ನಷ್ಟಕ್ಕೆ ಏನೋ ಹೇಳಿಕೊಳ್ಳುತ್ತಿದ್ದಳು. ಸೊಸೆ ಕಣ್ಣು ಮುಚ್ಚದೆ ನಾಲ್ಕು ದಿನವಾಯಿತೆಂದು ಅತ್ತೆಯೇ ನನ್ನೊಡನೆ ಬಾಯಿಬಿಟ್ಟರು. "ನಂಜು ಏರಿದ್ದು, ಲೇಹ್ಯ ತಿಂದ್ರೆ ಇಳೀತದೆ. ಯಾರ ಹತ್ರವೂ ಹೇಳ್ಬೇಡ ಮಾರಾಯ್ತಿ, ಬಾಣಂತಿ ಸುದ್ದಿ ನಾಲ್ಕು ಬಾಯಿಗೆ ಬೀಳ್ಬಾರ್ದು."

ನನ್ನ ಅಮ್ಮ ಊರಿನಲ್ಲಿ ಎಷ್ಟೋ ಬಾಣಂತನ ಮಾಡಿದವಳು. ಬಾಣಂತಿ ಮೂರು ದಿನ ನಿದ್ದೆ ಬಿಟ್ಟಳೆಂದರೆ ಅದು ಸನ್ನಿ, ಮಗುವಿನ ಜೊತೆ ಅವಳನ್ನು ಒಂಟಿಯಾಗಿ ಬಿಡಬೇಡಿ, ಮೊದಲು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಎನ್ನುತ್ತಿದ್ದಳು. ನನಗೆ ಅದು ಗೊತ್ತಿತ್ತು. ಗೊತ್ತಿದ್ದೂ, ಎಲ್ಲ ಸಿಕ್ಕವಳ ಕೊಬ್ಬು ಎಂದುಕೊಂಡೆ.

ಒಂದು ಮಧ್ಯಾಹ್ನ ಅತ್ತೆ ಮಲಗಿದ್ದಾಗ ಅವಳು ನಮ್ಮ ಮನೆಗೆ ಬಂದಳು. ಬಂದವಳೇ ಮಗುವನ್ನು ನನ್ನ ಮಡಿಲಿಗೆ ಹಾಕಿದಳು. ಅಲ್ಲಿಯ ತನಕ ಅದನ್ನು ಎತ್ತಿಕೊಳ್ಳಲು ನನಗೆ ಯಾರೂ ಕೊಟ್ಟಿರಲಿಲ್ಲ. ಎಷ್ಟು ಬೆಚ್ಚಗಿತ್ತು...

"ಇದು ನಂದಲ್ಲ ಅಕ್ಕ. ನಂದನ್ನು ಯಾರೋ ಬದಲಿ ಮಾಡಿದ್ದಾರೆ. ಇದನ್ನು ನೀವೇ ಇಟ್ಕೊಳ್ಳಿ" ಎಂದಳು. ಆಮೇಲೆ ಮಗುವಿನ ಕೈಯಿಂದ ಬಳೆ ಬಿಚ್ಚಿ ನನ್ನ ಅಂಗೈಗಿಟ್ಟಳು. "ಇದು ನನ್ನ ಮಗುವಿಂದು. ಅದು ಸಿಕ್ಕಿದ್ರೆ ಅದ್ರ ಕೈಗೆ ಕಟ್ಟಿ."

ನನಗೆ ಕೇಳಿಸಿದ್ದು 'ನೀವೇ ಇಟ್ಕೊಳ್ಳಿ' ಅಷ್ಟೇ. ಬಂಜೆಯ ಮಡಿಲಿಗೆ ಭಿಕ್ಷೆ! "ನಿನ್ನ ದಾನ ನನಗೆ ಬೇಡ, ಎತ್ಕೊಂಡು ಹೋಗು" ಎಂದು ಮಗುವನ್ನು ಅವಳ ಕೈಗೆ ತುರುಕಿ ಬಾಗಿಲು ಹಾಕಿದೆ. ಬಳೆ ನನ್ನ ಮುಷ್ಟಿಯಲ್ಲೇ ಉಳಿಯಿತು. ಬಾಗಿಲು ತೆಗೆದು ಕೊಟ್ಟುಬಿಡಬಹುದಿತ್ತು, ಕೊಡಲಿಲ್ಲ.

ಮರುದಿನ ಬೆಳಿಗ್ಗೆ ಬಚ್ಚಲಿನ ನೀರಿನಲ್ಲಿ ಮಗು ತೀರಿಕೊಂಡಿತ್ತು. ನೀರಿಗೆ ಹಾಕಿದವಳು ಅವಳೇ. ಅತ್ತೆ ಎದೆ ಬಡಿದುಕೊಳ್ಳುತ್ತಿದ್ದರೆ ಇವಳು ಗೋಡೆಗೆ ಒರಗಿ ಕೂತು, "ಇನ್ನು ನಂದು ಬರ್ತದೆ" ಎನ್ನುತ್ತಿದ್ದಳು.

ಪೊಲೀಸರು ಮನೆಮನೆಗೂ ಬಂದರು. "ಡೋಕಂ ಠಿಕಾಣಾವರ್ ಹೋತಂ ಕಾ ತಿಚಂ?" ಎಂದು ಮರಾಠಿಯಲ್ಲಿ ಕೇಳಿದರು, ಅವಳ ತಲೆ ಸರಿಯಿತ್ತೇ ಎಂದು. ಸರಿಯಾಗಿಯೇ ಇದ್ದಳು ಎಂದೆ. ಹಿಂದಿನ ದಿನ ಬಂದು ಮಗು ಬೇಡ, ನೀವೇ ಇಟ್ಟುಕೊಳ್ಳಿ ಎಂದಿದ್ದಳು ಎಂದೂ ಹೇಳಿದೆ. ಮಗು ತನ್ನದಲ್ಲ ಎಂದದ್ದನ್ನು ನುಂಗಿದೆ, ಬಳೆಯ ಸುದ್ದಿಯನ್ನೂ ನುಂಗಿದೆ. ಅವರು ಬರೆದುಕೊಂಡ ಕಾಗದದ ಕೆಳಗೆ ಸಹಿ ಹಾಕಿದೆ. ಸಿಕ್ಕಿದ್ದನ್ನು ನೀರಿಗೆ ಹಾಕಿದವಳು ಅನುಭವಿಸಲಿ, ಎನ್ನುವ ಒಂದೇ ಮಾತು ಮನಸ್ಸಿನಲ್ಲಿ.

ಆ ಹೇಳಿಕೆ ತೋರಿಸಿಯೇ ಅವಳಿಗೆ ಜಾಮೀನು ತಪ್ಪಿಸಿದರು. ಕಲ್ಯಾಣದ ಜೈಲಿನಲ್ಲಿ ಎರಡು ವರ್ಷ ಇದ್ದಳು. ಕೋರ್ಟಿನಲ್ಲಿ ಅವಳ ಕಡೆಯ ವಕೀಲೆ ನನ್ನನ್ನು, "ಮಗು ತನ್ನದಲ್ಲ ಅಂತ ಆಕೆ ಹೇಳಿದ್ದಳಾ?" ಎಂದು ನೇರವಾಗಿ ಕೇಳಿದರು. ಕಟಕಟೆಯಲ್ಲಿ ನಿಂತಿದ್ದ ಅವಳ ಮಣಿಕಟ್ಟು ಕಣ್ಣಿಗೆ ಬಿತ್ತು, ಕಡ್ಡಿಯಂತಾಗಿತ್ತು. ಹೌದು ಎಂದೆ. ನಿದ್ದೆ ಬಿಟ್ಟದ್ದು, ಮೆಟ್ಟಿಲು ನೋಡುತ್ತಾ ನಿಲ್ಲುತ್ತಿದ್ದದ್ದು, ಎಲ್ಲ ಹೇಳಿದೆ. ಬಳೆಯ ಮಾತು ಮಾತ್ರ ಎತ್ತಲಿಲ್ಲ. ಎತ್ತಿದ್ದರೆ ತೆಗೆದುಕೊಂಡುಬಿಡುತ್ತಿದ್ದರಲ್ಲ! ಡಾಕ್ಟರೂ ಅದು ಹೆರಿಗೆಯ ನಂತರ ಬರುವ ಮನಸ್ಸಿನ ಕಾಯಿಲೆ ಎಂದು ಸಾಕ್ಷಿ ನುಡಿದರು. ತಾನು ಏನು ಮಾಡುತ್ತಿದ್ದೇನೆಂಬ ಅರಿವು ಅವಳಿಗಿರಲಿಲ್ಲ, ಶಿಕ್ಷೆ ಕೊಡುವಂತಿಲ್ಲ ಎಂದು ತೀರ್ಪಾಗಿ ಅವಳನ್ನು ಆಸ್ಪತ್ರೆಗೆ ಕಳಿಸಿದರು.

ಅಲ್ಲಿಂದ ಬಿಟ್ಟ ಮೇಲೆ ನೆರೂಳಿನ ಅಣ್ಣನ ಮನೆಯಲ್ಲಿದ್ದಳು. ಗಂಡ ಅಷ್ಟರಲ್ಲಿ ಮನೆ ಮಾರಿ ಊರು ಸೇರಿದ್ದ. ಒಂದು ಸಂಜೆ ನಮ್ಮ ಬಾಗಿಲು ತಟ್ಟಿದಳು. ಕೂತುಕೊಳ್ಳಲಿಲ್ಲ.

"ಅಕ್ಕ, ಬಜೆ ಬಳೆ ನಿಮ್ಮ ಹತ್ರ ಕೊಟ್ಟ ಹಾಗೆ ನೆನಪು... ಮಗುವಿಂದು ಅಂತ ನನ್ನ ಹತ್ರ ಒಂದು ಫೋಟೋವೂ ಇಲ್ಲ."

ಡಬ್ಬಿ ನನ್ನ ಬೆನ್ನ ಹಿಂದಿನ ಕಪಾಟಿನಲ್ಲೇ ಇತ್ತು. ಅವಳಿಗೆ ಇಪ್ಪತ್ತನಾಲ್ಕು ದಿನ ಮಗುವಿತ್ತು, ನನಗೆ ಆ ಮಧ್ಯಾಹ್ನದ ಐದು ನಿಮಿಷ. ಅದನ್ನೂ ವಾಪಸ್ ಕೇಳಲು ಬಂದಿದ್ದಾಳೆ ಎನ್ನಿಸಿತು.

"ಯಾವ ಬಳೆ? ನೀನು ನನಗೆ ಎಂತದೂ ಕೊಡ್ಲಿಲ್ಲ" ಎಂದೆ.

"ಹೌದಾ... ಹಾಗಾದ್ರೆ ಅದೂ ನನ್ನ ತಲೆಯೊಳಗಿಂದೇ ಇರ್ಬೇಕು" ಎಂದಳು. ನೀರು ಕೇಳಿ ಕುಡಿದು, ಲೋಟವನ್ನು ತಾನೇ ತೊಳೆದಿಟ್ಟು ಹೋದಳು. ಕಳೆದ ವರ್ಷ ಜ್ವರದಲ್ಲಿ ತೀರಿಕೊಂಡಳಂತೆ. ಹೋಟೆಲಿನವರು ಯಾರೋ ಹೇಳಿದರು.

ಅರಿವಿರಲಿಲ್ಲ ಎಂದು ಅವಳನ್ನು ಬಿಟ್ಟರು. ನನಗೆ ಅರಿವಿತ್ತು. ಕಾಗದಕ್ಕೆ ಸಹಿ ಹಾಕುವಾಗಲೂ ಇತ್ತು, ಯಾವ ಬಳೆ ಎಂದಾಗಲೂ ಇತ್ತು. ನನ್ನನ್ನು ಮಾತ್ರ ಯಾರೂ ವಿಚಾರಣೆಗೆ ನಿಲ್ಲಿಸಲಿಲ್ಲ.

ಬಳೆ ನನ್ನ ಎರಡು ಬೆರಳಿಗೆ ಮಾತ್ರ ಹಿಡಿಸುತ್ತದೆ. ಹಾಕಿಕೊಂಡೇ ಕೂತಿದ್ದೆ. ಒಳಗಿನಿಂದ ಇವರು ಕೂಗಿದರು, "ಆ ಹಳೇ ಡಬ್ಬಿ ಬಿಸಾಡುವುದಾ, ಇಡುವುದಾ?"

"ಇಡುವುದು" ಎಂದೆ.