ವಿಂಚ್ ಮೇಸ್ತ್ರಿಯ ಸುಣ್ಣದ ಗೆರೆ

ಏಪ್ರಿಲ್ ತಿಂಗಳ ಕಾಪುವಿನ ಬಿಸಿಲಿನಲ್ಲಿಯೂ ಅವರ ಅಂಗಿಯ ತೋಳಿನ ಗುಂಡಿ ಬಿಚ್ಚಿದ್ದನ್ನು ನಾನು ನೋಡಿಲ್ಲ. ಮಣಿಕಟ್ಟಿನವರೆಗೆ ಮುಚ್ಚಿದ ತೋಳು, ಪ್ಯಾಂಟಿನೊಳಗೆ ಸಿಕ್ಕಿಸಿದ ಅಂಗಿ, ಬೆನ್ನ ಮೇಲೆ ಬೆವರು ಒಣಗಿ ಉಳಿದ ಉಪ್ಪಿನ ಬಿಳಿ ಕಲೆ. ಬೆರಳಿಗೆ ಉಂಗುರವಿಲ್ಲ, ಕೈಗೆ ವಾಚಿಲ್ಲ. ಕೊರಳಿನಲ್ಲಿ ತೂಗಬೇಕಾದ ಲಿಂಗದ ವಸ್ತ್ರವನ್ನು ಕೆಲಸದ ಹೊತ್ತಿಗೆ ಎಡತೋಳಿಗೆ ಬಿಗಿದು ಕಟ್ಟಿ, ಅದರ ಮೇಲೆ ಅಂಗಿ ಎಳೆದುಕೊಳ್ಳುತ್ತಿದ್ದರು. ತಿರುಗುವ ಯಂತ್ರದ ಎದುರು ಮೈಮೇಲೆ ಸಡಿಲವಾಗಿ ಏನೂ ತೂಗಬಾರದು.

"ಅದಕ್ಕ ದೇವ್ರು ಯಾರು, ಮನುಷ್ಯಾ ಯಾರು ಗೊತ್ತಾಗೂದಿಲ್ರಿ ಸರ್," ಎನ್ನುತ್ತಿದ್ದರು. "ಸಿಕ್ಕಿದ್ದು ಎಳಕೊಳ್ಳೂದಷ್ಟ ಗೊತ್ತು."

ಅವರು ನಮ್ಮ ವಿಂಚ್ ಮೇಸ್ತ್ರಿ. ಬಾಗಲಕೋಟೆ ಕಡೆಯವರು, ಐವತ್ತು ದಾಟಿದವರು. ಕಾಪುವಿನಿಂದ ಶಿರ್ವದ ಮೇಲಾಗಿ ಕಾರ್ಕಳದ ಕಡೆಗೆ ಹೋಗುವ ಹಳೆಯ ವಿದ್ಯುತ್ ತಂತಿಗಳನ್ನು ಇಳಿಸಿ ಹೊಸ ಕೇಬಲ್ ಎಳೆಯುವ ಗುತ್ತಿಗೆ ನಮ್ಮದಾಗಿತ್ತು. ಒಂದು ತುದಿಯಲ್ಲಿ ಕೇಬಲ್ ಸುತ್ತಿದ ದೊಡ್ಡ ಡ್ರಮ್, ಇನ್ನೊಂದು ತುದಿಯಲ್ಲಿ ವಿಂಚ್ ಯಂತ್ರ, ನಡುವಿನ ಪ್ರತಿ ಕಂಬದ ತಲೆಯಲ್ಲಿ ಒಂದು ರಾಟೆ. ವಿಂಚಿನ ಉಕ್ಕಿನ ಹಗ್ಗ ಆ ರಾಟೆಗಳ ಮೇಲೆ ಸಾಗಿ ಕೇಬಲನ್ನು ಎಳೆದು ತರುತ್ತದೆ. ಮೇಸ್ತ್ರಿ ಆ ಯಂತ್ರದ ಹಿಂದೆ ಕೂರುವವರು. ನಾನು ಆ ಗುಂಪಿನ ಇಂಜಿನಿಯರ್. ಕಾಲೇಜು ಮುಗಿಸಿ ಎರಡು ವರ್ಷವಾಗಿತ್ತು.

ಅವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಅವರ ಬಗ್ಗೆ ಬರೆಯುವಾಗ ಇದನ್ನು ಬಿಟ್ಟರೆ ಉಳಿದದ್ದೆಲ್ಲ ಸುಳ್ಳಾಗುತ್ತದೆ.

ಬೆಳಿಗ್ಗೆ ಕೆಲಸ ಶುರುವಾಗುವ ಮೊದಲು ಸುರಕ್ಷತೆಯ ಮಾತು ಹೇಳುವುದು ನನ್ನ ಜವಾಬ್ದಾರಿ. ಮಣಿಪಾಲದ ನಮ್ಮ ಕಚೇರಿಯಿಂದ ಕೊಟ್ಟ ಹಾಳೆಯನ್ನು ನಾನು ಓದುತ್ತಿದ್ದೆ, ಹನ್ನೊಂದು ಮಂದಿ ನಿಂತು ಕೇಳುತ್ತಿದ್ದರು. ಓದಿ ಮುಗಿದ ಮೇಲೆ ಒಬ್ಬನೂ ಕದಲುತ್ತಿರಲಿಲ್ಲ. ಎಲ್ಲರ ಕಣ್ಣೂ ಮೇಸ್ತ್ರಿಯ ಮೇಲೆ. ಅವರು ಗಲ್ಲವನ್ನು ಸ್ವಲ್ಪ ಎತ್ತಿದರೆ ಗುಂಪು ಚದುರಿ ಅವರವರ ಜಾಗಕ್ಕೆ ಹೋಗುತ್ತಿತ್ತು. ಕಂಟ್ರಾಕ್ಟರು ಫೋನ್ ಮಾಡುತ್ತಿದ್ದುದೂ ಅವರಿಗೇ. "ಇವತ್ತು ಎಷ್ಟು ಕಂಬ ಆಗ್ತದೆ ಮೇಸ್ತ್ರಿ?" ಎಂಬ ಪ್ರಶ್ನೆ ಅವರ ಹಳೆಯ ಫೋನಿನಿಂದ ನನ್ನ ಕಿವಿಗೂ ಕೇಳುತ್ತಿತ್ತು.

ಇದೆಲ್ಲ ಹೇಗೋ ಸಹಿಸಬಹುದಿತ್ತು. ಕೆಲಸ ಶಿರ್ವಕ್ಕೆ ಬಂದಾಗ ನನ್ನ ಅಪ್ಪ ನೋಡಲು ಬಂದರು. ನಮ್ಮ ಮನೆ ಅಲ್ಲೇ. ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು, ಮಗ ಹೆಲ್ಮೆಟ್ ಹಾಕಿ ನಿಂತದ್ದನ್ನು ನೋಡುವ ಆಸೆ. ನನ್ನೊಡನೆ ಐದು ನಿಮಿಷ ನಿಂತರು. ಮತ್ತೆ ಒಂದು ಗಂಟೆ ಮೇಸ್ತ್ರಿಯ ಹತ್ತಿರ ಕುಳಿತು, ಕಂಬ ತಿರುವಿನಲ್ಲಿದ್ದರೆ ಹಗ್ಗದ ಎಳೆತ ಯಾವ ದಿಕ್ಕಿಗೆ ಎಂದು ಮಣ್ಣಿನಲ್ಲಿ ಕೋಲಿನಿಂದ ಗೀಚಿ ಚರ್ಚೆ ಮಾಡಿದರು. ಆ ದಿನ ಊಟದ ಎಲೆಯ ಮುಂದೆ ಅಪ್ಪ ಹೇಳಿದರು, "ಆ ಮನುಷ್ಯ ಏಳನೇ ಕ್ಲಾಸು ಅಂತೆ ಮಾರಾಯ. ನಿನಗೆ ಆಗ ನಾನು ಹೇಳಿಕೊಟ್ಟದ್ದು ಅವನಿಗೆ ಕೈಯಲ್ಲೇ ಉಂಟು. ಅವನ ಹತ್ತಿರ ಕಲಿ."

ನಾನು ಎಲೆ ಮಡಚಿ ಎದ್ದೆ. ಅಪ್ಪ ನನ್ನ ಬಗ್ಗೆ ಯಾರ ಹತ್ತಿರವೂ ಆ ದನಿಯಲ್ಲಿ ಮಾತಾಡಿದ್ದು ನನಗೆ ನೆನಪಿಲ್ಲ.

ಮೇಸ್ತ್ರಿಗೆ ಎರಡು ಪದ್ಧತಿಗಳಿದ್ದವು. ಒಂದು, ಹಗ್ಗ ಒರೆಸುವುದು. ಬೆಳಿಗ್ಗೆ ಯಂತ್ರ ಚಾಲೂ ಆಗುವ ಮೊದಲು ಹಗ್ಗದ ಹೆಚ್ಚು ಸವೆಯುವ ಭಾಗವನ್ನು ರಸ್ತೆ ಬದಿಗೆ ಉದ್ದಕ್ಕೆ ಬಿಡಿಸಿ, ಚರ್ಮದ ಕೈಗವಸು ಹಾಕಿದ ಕೈಯಲ್ಲಿ ಹಳೆಯ ಹತ್ತಿ ಧೋತರದ ತುಂಡು ಹಿಡಿದು, ಹಗ್ಗವನ್ನು ಅದರಲ್ಲಿ ಸುತ್ತಿ ಹಿಡಿದುಕೊಂಡು ನಿಧಾನವಾಗಿ ನಡೆಯುತ್ತಿದ್ದರು. ಹಗ್ಗದ ನೂರಾರು ಎಳೆಗಳಲ್ಲಿ ಒಂದು ತುಂಡಾಗಿ ಮುಳ್ಳಿನಂತೆ ಎದ್ದಿದ್ದರೂ ಬಟ್ಟೆ ಅಲ್ಲಿ ಸಿಕ್ಕಿಕೊಂಡು ನಾಲ್ಕು ನೂಲು ಬಿಟ್ಟು ಬರುತ್ತಿತ್ತು. ನೂಲು ಕಂಡಲ್ಲಿ ಅವರು ಕುಕ್ಕರುಗಾಲಿನಲ್ಲಿ ಕುಳಿತು ಮುರಿದ ಎಳೆ ಎಷ್ಟೆಂದು ನೋಡುತ್ತಿದ್ದರು. ಹೆಚ್ಚಿದ್ದರೆ ಅಷ್ಟು ಭಾಗ ಕತ್ತರಿಸಿ ಎಸೆಯಬೇಕು. ಒರೆಸಿ ನೋಡಿದ ಮೇಲೆಯೇ ಗ್ರೀಸ್. "ಎಣ್ಣಿ ಹಚ್ಚಿದ ಮ್ಯಾಲ ಗಾಯ ಕಾಣ್ತದೇನ್ರಿ?" ಎಂದು ಕೇಳುತ್ತಿದ್ದರು.

ಇನ್ನೊಂದು, ಸುಣ್ಣದ ಗೆರೆ. ಹಗ್ಗ ಕೊನೆಯ ಕಂಬದ ಬುಡದ ಇನ್ನೊಂದು ರಾಟೆಯಲ್ಲಿ ತಿರುಗಿ ವಿಂಚಿಗೆ ಬರುವ ಕಡೆ ಒಂದು ಮೂಲೆಯಾಗುತ್ತದೆ. ಹಗ್ಗ ಹರಿದರೆ ಅದು ಬೀಸುವುದು ಆ ಮೂಲೆಯ ಒಳಗೆ. ಕ್ರಿಕೆಟ್ ಮೈದಾನಕ್ಕೆ ಹಾಕಿದ ಹಾಗೆ ಅವರು ಸುತ್ತ ಸುಣ್ಣದ ಪುಡಿ ಉದುರಿಸಿ ಗೆರೆ ಎಳೆಯುತ್ತಿದ್ದರು. ಯಂತ್ರ ತಿರುಗುವಾಗ ಗೆರೆಯೊಳಗೆ ಯಾರೂ ಇರುವಂತಿಲ್ಲ. ಒಮ್ಮೆ ಕಂಟ್ರಾಕ್ಟರನ್ನೇ ಆಚೆ ನಿಲ್ಲಿಸಿದ್ದರು. ಅವರು ನಕ್ಕು ಹೊರಗೆ ನಡೆದರು. ನಾನು ನಿಲ್ಲಿ ಎಂದಿದ್ದರೆ ನಿಲ್ಲುತ್ತಿದ್ದರೇ ಎಂದು ಇಡೀ ದಿನ ಯೋಚಿಸಿದೆ.

ಆ ವರ್ಷ ಮೇಸ್ತ್ರಿ ತಂಗಿಯ ಮಗಳ ಕುಬಸಕ್ಕೆ, ನಮ್ಮಲ್ಲಿ ಸೀಮಂತ ಎನ್ನುವುದಕ್ಕೆ, ಎರಡು ದಿನ ಊರಿಗೆ ಹೋದರು. ಬಸ್ಸು ಹತ್ತುವ ಮೊದಲು ನನ್ನನ್ನು ಬದಿಗೆ ಕರೆದರು. "ಸರ್, ನಿನ್ನೆ ಎಳಿಯೂ ಮುಂದ ಹಗ್ಗ ಒಂದು ಕಂಬದ ಕಬ್ಬಿಣಕ್ಕ ಉಜ್ಜೇದ. ಯಂತ್ರ ಎರಡು ದಿನ ನಿಂದರ್ಲಿ. ಇಲ್ಲಾಂದ್ರ ನೀವ ಸ್ವತಃ ಒರಸಿ ನೋಡ್ರಿ."

ಮರುದಿನವೇ ಕಂಟ್ರಾಕ್ಟರು ವಿದ್ಯುತ್ ಕಂಪನಿಯ ಅಧಿಕಾರಿಗಳನ್ನು ಕರೆದುಕೊಂಡು ಬರುವುದಿತ್ತು. ಮೇಸ್ತ್ರಿ ಇಲ್ಲದ ಆ ಒಂದು ದಿನ ಯಂತ್ರ ನನ್ನದಾಗಿ ಕಾಣಬೇಕು ಎನಿಸಿತು. ವಿಂಚನ್ನು ತೊಳೆಸಿದೆ. ಚಕ್ರಗಳಿಗೆ ಬಣ್ಣ ಕೊಡಿಸಿದೆ. ತಿಂಗಳಿಗೊಮ್ಮೆ ಹಗ್ಗಕ್ಕೆ ಗ್ರೀಸ್ ಹಚ್ಚಬೇಕೆಂದು ಕೈಪಿಡಿಯಲ್ಲಿದೆ, ಅದನ್ನೂ ಹಚ್ಚಿಸಿದೆ. ಒರೆಸುವ ಬಟ್ಟೆ ಯಂತ್ರದ ಪೆಟ್ಟಿಗೆಯಲ್ಲಿ ಮಡಚಿಟ್ಟಿತ್ತು. ಅದನ್ನು ಮುಟ್ಟಲು ನನಗೆ ಮನಸ್ಸಾಗಲಿಲ್ಲ. ಅವರ ಧೋತರದ ತುಂಡು ಹಿಡಿದು, ಅವರ ಹಾಗೆ ರಸ್ತೆಯಲ್ಲಿ ನಡೆಯಬೇಕೇ? ರಿಜಿಸ್ಟರಿನಲ್ಲಿ 'ಹಗ್ಗ ಪರೀಕ್ಷಿಸಿದೆ, ಸರಿಯಿದೆ' ಎಂದು ಬರೆದು ಸಹಿ ಹಾಕಿದೆ.

ಕಂಟ್ರಾಕ್ಟರು ಬಂದು ವಿಂಚಿನ ಸುತ್ತ ಒಂದು ಸುತ್ತು ಹಾಕಿ, "ಈಗ ನೋಡಿ, ಮಷಿನ್ ಅಂದ್ರೆ ಹೀಗೆ ಇರ್ಬೇಕು," ಎಂದರು. ಆ ಮಾತು ನನಗೆ ಎಷ್ಟು ಹಿತವಾಯಿತೆಂದು ಈಗ ಬರೆಯಲು ನಾಚಿಕೆಯಾಗುತ್ತದೆ.

ಮೂರನೆಯ ದಿನ ಬೆಳಿಗ್ಗೆ ಮೇಸ್ತ್ರಿ ಬಸ್ಸಿನಿಂದ ಇಳಿದು ನೇರ ಯಂತ್ರದ ಹತ್ತಿರ ಬಂದರು. ಹಗ್ಗವನ್ನು ಒಂದು ಬೆರಳಿನಿಂದ ಮುಟ್ಟಿ, ಬೆರಳಿಗೆ ಹತ್ತಿದ ಗ್ರೀಸನ್ನು ನೋಡಿದರು.

"ಒರಸಿ ನೋಡೀರೇನ್ರಿ ಸರ್?"

"ನೋಡಿದ್ದೇನೆ," ಎಂದೆ. ರಿಜಿಸ್ಟರು ತೋರಿಸಿದೆ. ಅದು ಸಾಲದೆಂದು, "ನಾನು ಸಹಿ ಹಾಕಿದ್ದನ್ನು ನೀವು ಮತ್ತೆ ನೋಡುವುದು ಬೇಡ. ಸುಮ್ಮನೆ ತಡ ಆಗ್ತದೆ," ಎಂದೂ ಸೇರಿಸಿದೆ.

ಅವರು ಬೆರಳಿನ ಗ್ರೀಸನ್ನು ಪ್ಯಾಂಟಿಗೆ ಒರೆಸಿಕೊಂಡರು. "ನೀವು ಹೂಂ ಅಂದ್ರ ಆತು," ಎಂದು ಸುಣ್ಣದ ಡಬ್ಬಿ ಎತ್ತಿಕೊಂಡು ಹೋದರು.

ಆ ದಿನದ ಕೆಲಸ ಒಂದು ತಿರುವಿನಲ್ಲಿ. ಎರಡೂ ಕಡೆ ಕೆಂಪು ಬಾವುಟ ಹಿಡಿದು ಇಬ್ಬರು ರಸ್ತೆ ತಡೆದಿದ್ದರು. ಕಾರ್ಕಳದ ಬಸ್ಸೊಂದು ಬಾವುಟದ ಹಿಂದೆ ನಿಂತಿತ್ತು, ಕಂಡಕ್ಟರ್ ಬಾಗಿಲಿನಲ್ಲಿ ಜೋತು ವಿಸಿಲ್ ಊದುತ್ತಿದ್ದ. ಕಂಟ್ರಾಕ್ಟರಿಗೆ ಕಳುಹಿಸಲೆಂದು ನಾನು ಫೋನಿನಲ್ಲಿ ವಿಡಿಯೊ ತೆಗೆಯುತ್ತಿದ್ದೆ. ಒಳ್ಳೆಯ ಕೋನ ಬೇಕೆಂದು ಸುಣ್ಣದ ಗೆರೆ ದಾಟಿ ಎರಡು ಹೆಜ್ಜೆ ಒಳಗಿಟ್ಟೆ. ಎಳೆಯುತ್ತಿದ್ದ ಯಂತ್ರ ಕೂಡಲೇ ನಿಂತಿತು.

"ಸರ್, ಹೊರಗ ಬರ್ರಿ."

"ಒಂದು ನಿಮಿಷ ಮೇಸ್ತ್ರಿ, ಆಯ್ತು."

"ನಿಮಿಷ ಗಿಮಿಷ ಇಲ್ರಿ. ಓದಿದವ್ರು ಅದೀರಿ, ಗೆರಿ ಕಾಣೂದಿಲ್ಲೇನು ನಿಮಗ? ನೀವು ಹೊರಗ ಬರೂತನಕ ನಾ ಚಾಲೂ ಮಾಡಂಗಿಲ್ಲ."

ಅವರು ನನ್ನೊಡನೆ ದನಿ ಏರಿಸಿದ್ದು ಅದೇ ಮೊದಲು. ಹನ್ನೊಂದು ಮಂದಿ ಕೇಳಿದರು. ಹೂಡೆಯಿಂದ ಬರುವ ನಮ್ಮ ಲಾರಿ ಡ್ರೈವರ್ ಕ್ಯಾಬಿನ್ನಿನಿಂದ ತಲೆ ಹೊರಹಾಕಿ, "ಎಂತ ಇಂಜಿನಿಯರ್ರೇ, ಬನ್ನಿ ಮಾರಾಯ್ರೆ. ಸಿನೆಮಾ ನಾಳೆಯೂ ತೆಗೀಬಹುದು. ನಮಗೆ ಹಸಿವಾಗ್ತಾ ಉಂಟು," ಎಂದ. ಎಲ್ಲರೂ ನಕ್ಕರು. ನಾನು ಹೊರಗೆ ಬಂದೆ. ವಿಡಿಯೊ ನಿಲ್ಲಿಸಿದೆ. ಇವತ್ತು ಸಂಜೆ ಮಣಿಪಾಲಕ್ಕೆ ಹೋಗಿ, ಈ ಮನುಷ್ಯನಿರುವ ಕಡೆ ನನಗೆ ಕೆಲಸ ಮಾಡಲಾಗುವುದಿಲ್ಲ ಎಂದು ಕಂಟ್ರಾಕ್ಟರಿಗೆ ಹೇಳಬೇಕು. ಯಾವ ವಾಕ್ಯದಿಂದ ಶುರು ಮಾಡುವುದೆಂದು ಮನಸ್ಸಿನಲ್ಲಿ ಜೋಡಿಸುತ್ತಿದ್ದೆ.

ವಿಂಚ್ ಮತ್ತೆ ತಿರುಗಿತು. ನನ್ನ ಎರಡನೆಯ ವಾಕ್ಯ ಸಿದ್ಧವಾಗುವುದರೊಳಗೆ ಹಗ್ಗ ಹರಿಯಿತು.

ಸಿಡಿಮದ್ದಿನ ಸದ್ದಲ್ಲ ಅದು. ಮೊದಲು ಒಂದು ಸಿಳ್ಳೆ, ಆಮೇಲೆ ಪೆಟ್ಟು. ಗೆರೆಯೊಳಗೆ ಆಗ ನಾನು ನಿಂತಿದ್ದ ಜಾಗದ ಮೇಲೆ ಏನೋ ಕಪ್ಪಗೆ ಹಾದುಹೋಯಿತು. ಅದರಾಚೆಯ ಕೆಂಪುಕಲ್ಲಿನ ಕಂಪೌಂಡಿನಲ್ಲಿ ನನ್ನ ಎದೆಯ ಎತ್ತರದ ಒಂದು ಕಲ್ಲು ಪುಡಿಯಾಗಿ ಕೆಂಪು ಧೂಳು ಎದ್ದಿತು. ಕೇಬಲ್ ಕಂಬಗಳ ತಲೆಯಿಂದ ಕುಸಿದು ಖಾಲಿ ರಸ್ತೆಯ ಮೇಲೆ ಬಿದ್ದು ಹೊರಳಿತು. ಕಂಡಕ್ಟರನ ವಿಸಿಲ್ ಬಾಯಿಯಿಂದ ಜಾರಿ ದಾರದಲ್ಲಿ ತೂಗುತ್ತಿತ್ತು. ಯಾರಿಗೂ ಒಂದು ಗೀರೂ ಆಗಿರಲಿಲ್ಲ. ಮೇಸ್ತ್ರಿಯ ಕೈ ಬ್ರೇಕಿನ ಮೇಲೆ ಇತ್ತು. ಯಂತ್ರದ ಎದುರಿಗೆ ರಕ್ಷಣೆಗೆಂದು ಹಾಕಿದ್ದ ಕಬ್ಬಿಣದ ಬಲೆ ಅವರ ಮುಖದ ನೇರಕ್ಕೆ ಒಳಕ್ಕೆ ಬಾಗಿತ್ತು.

ಆ ವಿಡಿಯೊ ಈಗಲೂ ನನ್ನ ಫೋನಿನಲ್ಲಿದೆ. ಅವರ ಬೈಗಳು, ನಗು, ನನ್ನ ಬೂಟು ಗೆರೆ ದಾಟಿ ಹೊರಬರುವುದು, ಅಲ್ಲಿಗೆ ಮುಗಿಯುತ್ತದೆ. ಅದನ್ನು ಎಷ್ಟು ಸಲ ನೋಡಿದ್ದೇನೋ. ಕಾಣದಿರುವ ಮುಂದಿನ ಭಾಗವನ್ನು ಅದಕ್ಕಿಂತ ಹೆಚ್ಚು ಸಲ ನೋಡಿದ್ದೇನೆ.

ಮೇಸ್ತ್ರಿ ಯಂತ್ರ ಆರಿಸಿ ಇಳಿದರು. ಹನ್ನೊಂದು ಮಂದಿಯ ಹೆಸರು ಹಿಡಿದು ಕೂಗಿ, ಒಬ್ಬೊಬ್ಬನೂ ಓಗೊಟ್ಟ ಮೇಲೆ ಹಗ್ಗದ ತುಂಡಾದ ತುದಿಯ ಹತ್ತಿರ ಕುಳಿತರು. ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ ಗ್ರೀಸ್ ಒರೆಸಿದರು. ಒಂದು ಗೇಣು ಉದ್ದಕ್ಕೂ ಎಳೆಗಳು ಹಳೆಯ ಪೊರಕೆಯಂತೆ ಕೆದರಿದ್ದವು. ಕಬ್ಬಿಣಕ್ಕೆ ಉಜ್ಜಿದ ಜಾಗ. ಮೇಲೆ ತಲೆಯೆತ್ತಿ ನನ್ನನ್ನು ಮತ್ತೆ ಅದೇ ಪ್ರಶ್ನೆ ಕೇಳಿದರು.

"ಒರಸಿ ನೋಡೀರೇನ್ರಿ ಸರ್?"

ಹೌದು ಎನ್ನಬಹುದಿತ್ತು. ರಿಜಿಸ್ಟರು ನನ್ನ ಕಡೆಗಿತ್ತು, ಇಂಜಿನಿಯರನ ಸಹಿಯಿತ್ತು. "ಇಲ್ಲ," ಎಂದೆ.

"ಮುಂಜಾನೆ ಇದನ್ನ ಹೇಳಿದ್ರ ಹತ್ತು ನಿಮಿಷದ ಕೆಲಸಿತ್ತು," ಎಂದರು. ಬೈಯಲಿಲ್ಲ. ಲಾರಿಯಿಂದ ರಿಜಿಸ್ಟರು ತರಿಸಿ ನನ್ನ ಕೈಗೆ ಕೊಟ್ಟು, "ಇದ್ದದ್ದು ಇದ್ದಂಗ ಬರೀರಿ," ಎಂದರು. ನಾನು ಬರೆದೆ. ಅಕ್ಷರ ಸಾಲು ಬಿಟ್ಟು ಇಳಿಯುತ್ತಿತ್ತು. ಬರೆದು ಮುಗಿಸಿದಾಗ, "ಅದರ ಬುಡಕ ನಂದೂ ಒಂದು ಬರೀರಿ," ಎಂದರು. "ಮೇಸ್ತ್ರಿ ಕೇಳಿದ, ಹೂಂ ಅಂದದ್ದನ್ನ ನಂಬಿದ, ತನ್ನ ಕಣ್ಣಿಲೆ ನೋಡಲಿಲ್ಲ ಅಂತ." ಅದರ ಕೆಳಗೆ ದೊಡ್ಡ ಅಕ್ಷರಗಳಲ್ಲಿ ತಮ್ಮ ಸಹಿ ಮಾಡಿದರು.

ನನ್ನ ತಪ್ಪನ್ನು ಅವರು ತಮ್ಮ ಮೇಲೆ ಎಳೆದುಕೊಂಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು, ಅವರು ನಾಟಕ ಮಾಡಿದರು ಎಂದುಕೊಳ್ಳಬಹುದಿತ್ತು. ಅವರು ತಮ್ಮ ಪಾಲು ಎಷ್ಟೋ ಅಷ್ಟನ್ನೇ ತೆಗೆದುಕೊಂಡರು. ಜೀವ ಉಳಿದ ಆ ಹೊತ್ತಿನಲ್ಲಿಯೂ ನನಗೆ ಅವರ ಮೇಲೆ ಹೊಟ್ಟೆಕಿಚ್ಚಾಯಿತು. ಹಾಗೆ ಅಳುಕದೆ ಸಹಿ ಹಾಕಲು ನನಗೆ ಎಂದು ಬಂದೀತು ಎಂದು.

ಕಂಟ್ರಾಕ್ಟರು ನನ್ನನ್ನು ಕೆಲಸದಿಂದ ತೆಗೆಯಲಿಲ್ಲ, ಮಣಿಪಾಲದ ಕಚೇರಿಗೆ ತಂದು ಕೂರಿಸಿದರು. ನನ್ನ ಜಾಗಕ್ಕೆ ಕಾರ್ಕಳದ ಒಬ್ಬಳು ಹುಡುಗಿ ಇಂಜಿನಿಯರ್ ಬಂದಳು. ತಿಂಗಳಿಗೊಮ್ಮೆ ಬಿಲ್ಲು ಹಿಡಿದು ಬಂದಾಗ ನನ್ನ ಮೇಜಿನ ಮುಂದೆ ಕುಳಿತು ದೂರುತ್ತಿದ್ದಳು. "ಮೇಸ್ತ್ರಿ ದಿನಾ ಬೈತಾರೆ ಸರ್. ಬಟ್ಟೆ ನನ್ನ ಕೈಗೇ ಕೊಟ್ಟು ನಡೆಸ್ತಾರೆ. ಮುರಿದ ಎಳೆ ನನಗೆ ಸಿಕ್ಕಿದ್ರೆ ಚಾ ಅವರದ್ದು, ನಾನು ಬಿಟ್ಟು ಅವರು ಹಿಡಿದ್ರೆ ಚಾ ನನ್ನದು. ಈ ತಿಂಗಳು ಚಾ ಕೊಟ್ಟು ಸಾಕಾಯ್ತು." ಅವಳು ನಗುತ್ತಾ ಹೇಳುತ್ತಿದ್ದಳು. ನಾನು ಬಿಲ್ಲಿನ ಮೇಲೆ ಕಣ್ಣಿಟ್ಟು ಕೇಳುತ್ತಿದ್ದೆ. ಅಷ್ಟರಲ್ಲಿ ನನ್ನ ಹೊಟ್ಟೆಕಿಚ್ಚು ಮೇಸ್ತ್ರಿಯನ್ನು ಬಿಟ್ಟು ಅವಳ ಕಡೆಗೆ ತಿರುಗಿತ್ತು.

ಕಳೆದ ವರ್ಷ ರಜೆಯಲ್ಲಿ ಊರಿಗೆ ಹೋಗಿದ್ದಾಗ ಮೇಸ್ತ್ರಿ ತೀರಿಕೊಂಡರು. ಹೊಲದ ಬದುವಿನ ಮೇಲೆ ಕುಳಿತವರು ಏಳಲಿಲ್ಲವಂತೆ. ಶಿವಗಣಾರಾಧನೆಯ, ನಮ್ಮಲ್ಲಿ ಉತ್ತರಕ್ರಿಯೆ ಎನ್ನುವುದರ, ದಿನ ಅವರ ಊರಿಗೆ ಹೋದೆ. ಕಾರ್ಕಳದ ಹುಡುಗಿ ನನಗಿಂತ ಮೊದಲೇ ಬಂದು ಹೆಂಗಸರ ನಡುವೆ ಜೋಳದ ರೊಟ್ಟಿ ಬಡಿಸುತ್ತಿದ್ದಳು. ಅಳು ಒರೆಸಿಕೊಳ್ಳುತ್ತಲೇ ಮೇಸ್ತ್ರಿಯ ಹೆಂಡತಿ ಅವಳನ್ನು ಹೆಸರು ಹಿಡಿದು ಕರೆಯುತ್ತಿದ್ದರು. ನನ್ನನ್ನು ನೋಡಿ, "ನೀವು ಯಾರ್ರಿ?" ಎಂದರು.

ನಾನೂ ಅವರ ಕೆಲಸದ ಕಡೆಯ ಇಂಜಿನಿಯರ್ ಎಂದೆ. ಹಗ್ಗ ಹರಿದ ದಿನದ ಸಂಗತಿ ಹೇಳಿದೆ. ನನ್ನ ಸುಳ್ಳನ್ನೂ ಹೇಳಿದೆ. ಅವರು ಕೇಳಿದರು, ಆದರೆ ಮನೆಯಲ್ಲಿ ಮೇಸ್ತ್ರಿ ಇದನ್ನು ಯಾವತ್ತೂ ಹೇಳಿರಲಿಲ್ಲವೆಂದು ಅವರ ಮುಖದಿಂದಲೇ ತಿಳಿಯಿತು.

"ಅಪಾಯದ ಮಾತು ಮನ್ಯಾಗ ಆಡತಿದ್ದಿಲ್ರಿ ಅವರು," ಎಂದರು. ಆಮೇಲೆ ಏನೋ ನೆನಪಾದಂತೆ, "ಒಬ್ರು ಇಂಜಿನಿಯರ್ ಅದಾರ, ತಮ್ಮ ತಪ್ಪಿದ್ರೂ ಕೇಳಿದ್ರ ಖರೇನ ಹೇಳ್ತಾರ ಅಂತ ಭಾಳ ಸಲ ಅಂದಿದ್ರು," ಎಂದರು.

ಬಡಿಸುತ್ತಿದ್ದ ಹುಡುಗಿ ಆ ಮಾತಿಗೆ ತಲೆ ಎತ್ತಿದಳು. ನಾನೂ ಎತ್ತಿದೆ. ಅವಳು ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. ಮೇಸ್ತ್ರಿ ಅಂದದ್ದು ಅವಳ ಬಗ್ಗೆಯೇ ಇರಬೇಕು. ಆದರೂ ಆ ಇಂಜಿನಿಯರ್ ನಾನಾಗಿರಲಿ ಎಂದು ಇಂದಿಗೂ ಆಸೆಪಡುತ್ತೇನೆ.