ಗೋಡೆ ಮೂಸುವ ಪೇಂಟರ್

ನನ್ನ ಗಂಡ ಪೇಂಟರ್. ಊರವರು ಕರೆಯುವುದು ಮೂಗಪ್ಪ ಎಂದು. ಗೋಡೆ ಕಂಡರೆ ಮೂಗು ತಾಗಿಸಿ ಮೂಸುವ ಮನುಷ್ಯನನ್ನು ಇನ್ನೇನೆಂದು ಕರೆಯುತ್ತಾರೆ? ಮದುವೆಯಾದ ಹೊಸತರಲ್ಲಿ ನನ್ನ ತವರಿನ ಗೋಡೆಯನ್ನೂ ಮೂಸಿ, "ಇಲ್ಲಿ ಬೂಷ್ಟು ಜೀವಂತ ಇದೆ ಮಾವ" ಎಂದು ಮಾನ ಕಳೆದಿದ್ದರು.

ತಪ್ಪೇನೂ ಹೇಳಿರಲಿಲ್ಲ ಅನ್ನಿ. ನಮ್ಮ ಕಡೆಯ ಗಾಳಿ ಹಿಂಡಿದರೆ ನೀರು ಬರುತ್ತದೆ. ಐದು ದಿನ ಹಾಕದೆ ಬಿಟ್ಟ ಚಪ್ಪಲಿಯ ಮೇಲೂ ಬೂಷ್ಟು ಬೆಳೆಯುತ್ತದೆ. ಗೋಡೆಯ ಬಣ್ಣವಂತೂ ಅದಕ್ಕೆ ಊಟ. ಎಷ್ಟೇ ದುಬಾರಿ ಬಣ್ಣ ಬಳಿಯಿರಿ, ಅಡಿಯಲ್ಲಿ ಬೂಷ್ಟು ಉಳಿದಿದ್ದರೆ ತಿಂಗಳೊಳಗೆ ಕಪ್ಪು ಚುಕ್ಕೆ, ಆಮೇಲೆ ಗುಳ್ಳೆ, ಆಮೇಲೆ ಬಣ್ಣವೆಲ್ಲ ಸಿಪ್ಪೆ ಸಿಪ್ಪೆ. ಅದಕ್ಕೇ ಇವರು ಹಳೇ ಬಣ್ಣ ಕೆರೆದು, ಬ್ಲೀಚಿಂಗ್ ಪುಡಿಯ ನೀರಿನಲ್ಲಿ ತೊಳೆದು, ನಾಲ್ಕು ದಿನ ಒಣಗಲು ಬಿಟ್ಟು ಮತ್ತೆ ಮೂಸುತ್ತಾರೆ. ಮುಗ್ಗಲು ವಾಸನೆ ಪೂರ್ತಿ ಹೋಗಿದ್ದರೆ ಮಾತ್ರ ಡಬ್ಬದ ಮುಚ್ಚಳ ತೆಗೆಯುವುದು. ಮನೆಯವರು ತಲೆ ಮೇಲೆ ಕೂತರೂ ಜಗ್ಗುವವರಲ್ಲ.

ಕಳೆದ ವರ್ಷ ಇವರಿಗೆ ಕೆಟ್ಟ ಜ್ವರ ಬಂತು. ಹೋಗುವಾಗ ಇವರ ಮೂಗಿನ ಶಕ್ತಿಯನ್ನೂ ಕಟ್ಟಿಕೊಂಡು ಹೋಯಿತು. ಪುಣ್ಯಾತ್ಮ ನನಗೂ ಹೇಳಲಿಲ್ಲ. ಒಂದು ಬೆಳಿಗ್ಗೆ ಹಾಲು ತಳ ಹಿಡಿದು ಮನೆಯೆಲ್ಲ ಸೀದ ವಾಸನೆ. ಇವರು ಒಲೆಯ ಪಕ್ಕದಲ್ಲೇ ಪೇಪರನ್ನು ಮುಖಕ್ಕೆ ಹಿಡಿದು ಕೂತಿದ್ದಾರೆ. ಬಾಯಿಗೆ ಬಂದಂತೆ ಬೈದೆ.

"ನಂಗೆ ಯಾವ ವಾಸನೆನೂ ಬರ್ತಿಲ್ಲ ಕಣೇ. ಯಾರಿಗೂ ಹೇಳ್ಬೇಡ, ಕೆಲಸ ಹೋಗುತ್ತೆ" ಎಂದರು.

ನಾನೂ ಬಾಯಿ ಹೊಲಿದುಕೊಂಡೆ. ಅದೇ ನಾವು ಮಾಡಿದ ತಪ್ಪು. ಊರಿನ ಲೈಬ್ರರಿಯ ಓದುವ ಕೋಣೆಗೆ ಹೋದವರು ಮೂಸುವ ನಾಟಕ ಮಾಡಿ ಬಣ್ಣ ಬಳಿದು ಬಂದರು. ಮೂರೇ ವಾರ. ಕಪಾಟಿನ ಹಿಂದೆ ಚುಕ್ಕೆ, ಕಿಟಕಿಯ ಕೆಳಗೆ ಗುಳ್ಳೆ. ಲೈಬ್ರರಿಯ ಮೇಡಂ ಕರೆದು, "ಇನ್ನೊಂದ್ಸಲ ಮಾಡ್ಕೊಡಿ. ಮತ್ತೂ ಬೂಷ್ಟು ಬಂದ್ರೆ ಬೇರೆಯವರನ್ನ ನೋಡ್ಬೇಕಾಗುತ್ತೆ" ಎಂದರಂತೆ. ಮನೆಗೆ ಬಂದ ಇವರು ಏಣಿಯನ್ನು ಯಾರಿಗಾದರೂ ಕೊಟ್ಟುಬಿಡುವ ಮಾತಾಡಿದರು. ನನಗೆ ರೇಗಿಹೋಯಿತು.

"ನನ್ನ ಮೂಗು ಇದೆಯಲ್ಲ, ಅದನ್ನೇನು ಉಪ್ಪಿನಕಾಯಿ ಹಾಕ್ತೀರಾ?"

ಮತ್ತೆ ಕೆರೆದು, ತೊಳೆದು, ಒಣಗಿಸಿದ್ದಾಯಿತು. ನಾಲ್ಕನೇ ದಿನ ಊಟದ ಡಬ್ಬಿ ಕೊಡುವ ನೆಪದಲ್ಲಿ ನಾನೂ ಹೋದೆ. ಇವರು ಗೋಡೆಗೆ ಮೂಗಿಟ್ಟು ನನ್ನ ಕಡೆ ನೋಡುವುದು, ನಾನು ಏನೋ ಹುಡುಕುವವಳಂತೆ ಬಗ್ಗಿ ಮೂಸುವುದು. ಮೂರು ಗೋಡೆ ಸರಿಯಿದ್ದವು. ಕಿಟಕಿಯ ಕೆಳಗೆ ಮಾತ್ರ ಮುಗ್ಗಲು ಗಪ್ಪೆಂದು ಮೂಗಿಗೆ ಹೊಡೆಯಿತು. ಕಣ್ಣಲ್ಲೇ ಬೇಡ ಎಂದೆ.

"ಏನಮ್ಮಾ, ನೀವೂ ಮೂಸ್ತೀರಾ?" ಬಾಗಿಲಲ್ಲಿ ಮೇಡಂ ನಿಂತಿದ್ದರು.

ನನ್ನ ಬಾಯಿಗೆ ಒಂದು ಸುಳ್ಳು ಬರುವಷ್ಟರಲ್ಲಿ ಇವರು ಬ್ರಷ್ ಕೆಳಗಿಟ್ಟರು.

"ನಂಗೆ ವಾಸನೆ ಬರಲ್ಲ ಮೇಡಂ. ಹೋದ್ಸಲ ಸುಮ್ನೆ ಮೂಸಿದ ಹಾಗೆ ಮಾಡ್ದೆ. ಈಗ ಇವಳು ಹೇಳಿದ್ರೇನೇ ನಂಗೆ ಗೊತ್ತಾಗೋದು."

ಮೇಡಂ ಇವರನ್ನು ನೋಡಿದರು, ನನ್ನನ್ನು ನೋಡಿದರು. "ಏನಂತೀರಮ್ಮ, ಬಣ್ಣ ಹಚ್ಚಬಹುದಾ?" ಕೇಳಿದ್ದು ನನ್ನನ್ನು.

"ಕಿಟಕಿ ಕೆಳಗೆ ಇನ್ನೊಂದ್ಸಲ ತೊಳೀಬೇಕು."

"ಹಾಗಾದ್ರೆ ತೊಳೀರಿ" ಎಂದು ತಮ್ಮ ಕೆಲಸಕ್ಕೆ ಹೋದರು.

ಮುಂದಿನ ವಾರ ಬಣ್ಣ ಮುಗಿಯಿತು. ಇವರು ಏಣಿ ಇಳಿದು ನನ್ನ ಪಕ್ಕ ಬಂದು ನಿಂತರು. ಆಮೇಲೆ ಮೆಲ್ಲಗೆ, "ಹೊಸ ಬಣ್ಣದ ವಾಸನೆ ಹೇಗಿದೆ, ಹೇಳೇ" ಎಂದರು.

"ಚೆನ್ನಾಗಿದೆ ರೀ" ಎಂದೆ.

"ಹಾಗಲ್ಲ, ಸರಿಯಾಗಿ ಹೇಳು" ಎಂದು ಕಣ್ಣು ಮುಚ್ಚಿಕೊಂಡರು.