ಘಾನಾದಲ್ಲಿ ತಟ್ಟಿದ ರೊಟ್ಟಿ

ನಮ್ಮ ಅತನೂರಿಗೆ ಆಫ್ರಿಕಾದ ಘಾನಾ ದೇಶದಿಂದ ಒಬ್ಬ ಹೆಣ್ಣುಮಗಳು ಖಡಕ್ ರೊಟ್ಟಿ ಕಲಿಯಲು ಬಂದಿದ್ದಳು. ಅಲ್ಲೂ ಜೋಳ ಬೆಳೆಯುತ್ತದಂತೆ, ಆದರೆ ಅವರು ಮಾಡುವ ಮುದ್ದೆ ಮರುದಿನಕ್ಕೆ ಹಳಸುತ್ತದೆ. ಕೆಡದ ರೊಟ್ಟಿ ಕಲಿತರೆ ಅವಳೂರಿನ ಹೆಂಗಸರೂ ನಮ್ಮಂತೆ ಸಂಘ ಕಟ್ಟಿ ಮಾರಬಹುದೆಂದು ಎರಡೂ ಸರ್ಕಾರ ಸೇರಿ ಕಳಿಸಿದ್ದವು. ಕಲಿಸುವ ಭಾಗ್ಯ ನನ್ನದಾಯಿತು.

ತಟ್ಟುವ ಮುಂಚೆ ಅವಳು ಅಂಗೈಗೆ ಉಫ್ ಎಂದು ಊದಿಕೊಳ್ಳುತ್ತಿದ್ದಳು. ನಾನು ದಿನಾ ಹೇಳುತ್ತಿದ್ದದ್ದು ಒಂದೇ: "ಹಂಗಲ್ಲ, ಹಿಂಗ." ಅವಳೂ ಅದನ್ನೇ ಹೇಳಿಕೊಂಡು ತಟ್ಟುತ್ತಿದ್ದಳು. ರೊಟ್ಟಿ ಮಾತ್ರ ಒಡೆಯುತ್ತಲೇ ಇತ್ತು.

ಹೊರಡುವ ಹಿಂದಿನ ದಿನವೂ ಒಡೆಯಿತು. ಇಂಗ್ಲಿಷ್ ಬಲ್ಲ ನನ್ನ ಮೊಮ್ಮಗಳು, "ಬರಿಗೈಲೆ ಹೆಂಗ ಹೋಗ್ಲಿ ಅಂತ ಅಳಾಕತ್ತಾಳ, ಆಯಿ," ಎಂದಳು.

"ಅಳಬ್ಯಾಡ ನನ್ನವ್ವ," ಎಂದು ಹಿಟ್ಟಿಗೆ ಇನ್ನಷ್ಟು ಕುದಿನೀರು ಹಾಕಿ, ಅವಳ ಕೈಮೇಲೆ ಕೈಯಿಟ್ಟು ನಾದಿಸಿ, ತಟ್ಟಿಸಿದೆ. ಹಂಚಿನ ಮೇಲೆ ರೊಟ್ಟಿ ಉಬ್ಬಿತು. ಅವಳು ನನ್ನನ್ನೇ ಎತ್ತಿ ತಿರುಗಿಸಿದಳು.

"ನನ್ನ ಇಳಸಬೇ, ರೊಟ್ಟಿ ಸೀಯಾಕತ್ತದ," ಎಂದೆ.

ಮೊನ್ನೆ ಮೊಮ್ಮಗಳು ಮೊಬೈಲಿನ ವಿಡಿಯೊದಲ್ಲಿ ಅವಳೂರು ತೋರಿಸಿದಳು. ಮರದ ನೆರಳಲ್ಲಿ ಸಾಲು ಒಲೆ, ಸುತ್ತ ಹೆಂಗಸರು. ಒಬ್ಬಾಕೆಯ ರೊಟ್ಟಿ ಒಡೆಯಿತು. ನನ್ನ ಘಾನಾದ ಮಗಳು ಅಂಗೈಗೆ ಊದಿಕೊಂಡು, ಆಕೆಯ ಕೈಮೇಲೆ ಕೈಯಿಟ್ಟಳು.

"ಹಂಗಲ್ಲ, ಹಿಂಗ."

ಆ ಮಾತೂ ರೊಟ್ಟಿ ಮಾಡುವ ಕ್ರಮವೇ ಎಂದುಕೊಂಡು ಎಲ್ಲ ಹೆಂಗಸರೂ ಒಟ್ಟಿಗೆ ಹಾಗೇ ಅಂದು ತಟ್ಟತೊಡಗಿದರು.